ಪದ ಪರಿಚಯ: ಅಂಬಲಿ

ಅಂಬಲಿ ಎಂದರೆ ರಾಗಿಹಿಟ್ಟಿನ ತೆಳು ಪೇಯ. ಹಳೆಯ ರೂಪ ಅಂಬಕಳ. ತೆಲುಗಿನಲ್ಲೂ ಅಂಬಲಿಯೇ, ಮರಾಠಿಯಲ್ಲಿ ಆಂಬೀಲ. ನಿಘಂಟುಗಳು ಇದನ್ನು ಗಂಜಿ ಎಂದು ಮುಗಿಸಿಬಿಡುತ್ತವೆ, ಅದು ಸಾಲದು. ಗಂಜಿ ಅಕ್ಕಿಯದು, ಅಂಬಲಿ ಹಿಟ್ಟಿನದು.

ಮೈಸೂರು ಜಿಲ್ಲೆಯ, ಹೊಗೆಸೊಪ್ಪು ಬೆಳೆಯುವ ಕಂಪಲಾಪುರದ ಸೀಮೆ ರಾಗಿ ಉಣ್ಣುವ ಸೀಮೆಯೂ ಹೌದು. ಅಲ್ಲಿ ಅಂಬಲಿಗೆ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಸುರಿದು, ತಳ ಹತ್ತದಂತೆ ತಿರುವಿ ಇಳಿಸಬೇಕು. ಆರಿದ ಮೇಲೆ ಉಪ್ಪು, ಮಜ್ಜಿಗೆ, ಕಚ್ಚಿಕೊಳ್ಳಲು ಈರುಳ್ಳಿ. ರಾತ್ರಿಯಿಟ್ಟು ಹುಳಿ ಬಂದರೆ ಹುಳಿಯಂಬಲಿ.

ಶಿವಭಕ್ತ ಮಾದಾರ ಚೆನ್ನಯ್ಯನ ಮನೆಯಲ್ಲಿ ಶಿವನೇ ಅಂಬಲಿ ಉಂಡನೆಂಬುದು ಶರಣರ ಕಥೆ. ಈಗ ಅದೇ ಪೇಯ ನಗರದಲ್ಲಿ ‘ರಾಗಿ ಮಾಲ್ಟ್’. ಆದರೆ ಸಕ್ಕರೆ ಸುರಿದದ್ದು ಅಂಬಲಿಯಲ್ಲ.