ಮರಳಿ ಓದಲು ಹೊರಟ ತಾಯಿ ಮತ್ತು ಅವಳ ಖರ್ಚು

ಹಿರಿಯೂರು ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಆಂಧ್ರದ ಮಡಕಶಿರಾ ಸೀಮೆಗೆ ತಾಗಿಕೊಂಡಿರುವ ಧರ್ಮಪುರ ಹೋಬಳಿಯ ಜನರಿಗೆ ಹತ್ತಿರದ ದೊಡ್ಡ ನೀರಿನಾಸರೆಯೆಂದರೆ ವಾಣಿವಿಲಾಸ ಸಾಗರ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟಿಗೆ ತಮ್ಮ ‘ವಾಣಿವಿಲಾಸ’ ಬಿರುದಿನಿಂದ ಹೆಸರಾದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1894ರ ಡಿಸೆಂಬರಿನಲ್ಲಿ ಪತಿ ಚಾಮರಾಜೇಂದ್ರ ಒಡೆಯರನ್ನು ಕಳೆದುಕೊಂಡು, ಹತ್ತು ವರ್ಷದ ಮಗನ ಪರವಾಗಿ 1902ರವರೆಗೆ ಮೈಸೂರು ರಾಜ್ಯವನ್ನು ನಡೆಸಿದವರು. ಮೈಸೂರಿನ ಮಹಾರಾಣಿ ಹೆಣ್ಣುಮಕ್ಕಳ ಶಾಲೆ 1901ರಲ್ಲಿ ಕಾಲೇಜಾದದ್ದು ಇದೇ ಆಡಳಿತದಲ್ಲಿ. ರಾಜ್ಯದ ಬೊಕ್ಕಸವೇ ಕೈಯಲ್ಲಿದ್ದ ಆ ವಿಧವೆಯ ಮಾತು ಬೇರೆ. ಬೊಕ್ಕಸವೂ ತವರಿನ ಬಲವೂ ಇಲ್ಲದ, ಆದರೆ ಕಂಕುಳಲ್ಲಿ ಮಗುವಿದ್ದ ಹೆಂಗಸು ಬಿಟ್ಟ ಓದನ್ನು ಹಿಡಿಯಲು ಹೊರಟಾಗ ಆ ಖರ್ಚನ್ನು ಯಾರು ಹೊತ್ತರು, ಹೊತ್ತವರು ಬದಲಿಗೆ ಏನು ಕೇಳಿದರು ಎಂಬುದು ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಗೆ ಕನ್ನಡ ನಾಡಿನೊಡನೆ ನಂಟಿರುವ ಅತ್ಯಂತ ಸ್ಪಷ್ಟವಾದ ಉದಾಹರಣೆ ಪಂಡಿತಾ ರಮಾಬಾಯಿಯವರದು. ಅವರು 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅಲ್ಲೇ ಹುಟ್ಟುವ ಭದ್ರೆಯ ನೀರು ಈಗ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ವಾಣಿವಿಲಾಸ ಸಾಗರಕ್ಕೆ ಬರುತ್ತಿದೆಯೆಂಬುದು ಬರಿಯ ಕಾಕತಾಳೀಯವಾದರೂ ನೆನೆಯತಕ್ಕದ್ದು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡಾಗ ಮಗಳು ಮನೋರಮೆಗೆ ಇನ್ನೂ ವರ್ಷ ತುಂಬಿರಲಿಲ್ಲ. ವೈದ್ಯ ವಿದ್ಯೆ ಕಲಿಯಬೇಕೆಂದು ಇಂಗ್ಲೆಂಡಿಗೆ ಹೊರಟ ರಮಾಬಾಯಿ ಹಡಗಿನ ಖರ್ಚನ್ನು ಹೊಂದಿಸಿಕೊಂಡದ್ದು ತಾವೇ ಮರಾಠಿಯಲ್ಲಿ ಬರೆದ ‘ಸ್ತ್ರೀ ಧರ್ಮನೀತಿ’ ಪುಸ್ತಕದ ಮಾರಾಟದಿಂದ. ಅಲ್ಲಿ ಮುಟ್ಟಿದ ಮೇಲೆ ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರು ಊಟ ವಸತಿ ಕೊಟ್ಟು ಇಂಗ್ಲಿಷ್ ಕಲಿಸಿದರು. ಅದಕ್ಕೆ ಬದಲಾಗಿ ಭಾರತಕ್ಕೆ ಬರಲಿದ್ದ ಸನ್ಯಾಸಿನಿಯರಿಗೆ ಅವರು ಮರಾಠಿ ಹೇಳಿಕೊಡಬೇಕಿತ್ತು. ಕಿವಿ ಮಂದವಾಗಿದ್ದರಿಂದ ವೈದ್ಯಶಿಕ್ಷಣ ಕೈತಪ್ಪಿತು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಅವರು ಸಂಸ್ಕೃತ ಕಲಿಸುತ್ತ ತಾವು ಗಣಿತ, ವಿಜ್ಞಾನ ಓದಿದರು. ಆ ಅವಧಿಯಲ್ಲಿ ಮಗಳು ವಾಂಟೇಜಿನಲ್ಲೇ ಉಳಿಯಬೇಕಾಯಿತು.

ಈ ನೆರವು ನಿಬಂಧನೆಯಿಲ್ಲದ್ದಾಗಿರಲಿಲ್ಲ. ರಮಾಬಾಯಿ ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳಬಹುದೆಂಬ ಮಾತು ಬಂದಾಗ, ಹಿಂದೂಸ್ತಾನಕ್ಕೆ ಮರಳಿದ ಮೇಲೆ ಅದು ಅವರ ಹೆಸರಿಗೆ ಕುಂದು ತರುತ್ತದೆಂದು ಬಿಷಪ್ಪರು ಅಡ್ಡ ಬಂದರು. ಧರ್ಮದ ವಿಷಯದಲ್ಲಿಯೂ ಪೋಷಕರಿಗೂ ಅವರಿಗೂ ತಿಕ್ಕಾಟ ನಡೆದೇ ಇತ್ತು. ಅನ್ನ ಹಾಕಿದವರು ನಡತೆಯ ಮೇಲೂ ಹಕ್ಕು ಸ್ಥಾಪಿಸುವ ಈ ವಾಡಿಕೆ ಇಂಗ್ಲೆಂಡಿನದಷ್ಟೇ ಅಲ್ಲ, ನಮ್ಮ ಮಠ, ಆಶ್ರಮ, ದತ್ತಿಗಳದೂ ಹೌದು. ಅಮೆರಿಕದಲ್ಲಿ 1887ರಲ್ಲಿ ಬಾಸ್ಟನ್ನಿನ ಹಿತೈಷಿಗಳು ಸಂಘ ಕಟ್ಟಿ ಹತ್ತು ವರ್ಷಗಳ ನೆರವಿಗೆ ಮಾತು ಕೊಟ್ಟ ಮೇಲೆಯೇ, 1889ರ ಮಾರ್ಚಿನಲ್ಲಿ, ಮುಂಬಯಿಯಲ್ಲಿ ರಮಾಬಾಯಿಯವರ ಶಾರದಾ ಸದನವೆಂಬ ವಿಧವೆಯರ ವಸತಿಶಾಲೆ ತೆರೆಯಿತು.

ದಾನಿಗಳ ದಯೆಯನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ಸ್ವಂತ ಆಸ್ತಿ. ಹೆಣ್ಣಿಗೆ ಮದುವೆಯಲ್ಲಿ ಬಂದ ಒಡವೆ, ಉಡುಗೊರೆಗಳೇ ಮುಖ್ಯವಾದ ಸ್ತ್ರೀಧನದ ಮೇಲಿನ ಅವಳ ಒಡೆತನವನ್ನು ಗಟ್ಟಿಗೊಳಿಸಿ, ಕುಟುಂಬದ ಆಸ್ತಿ ಪಾಲಾಗುವಾಗ ವಿಧವೆಗೂ ಭಾಗ ಕೊಟ್ಟ ಕಾಯ್ದೆಯನ್ನು ಮೈಸೂರು ಸಂಸ್ಥಾನ 1933ರಲ್ಲೇ ಮಾಡಿತು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ವಿಧವೆಗೆ ಗಂಡನ ಆಸ್ತಿಯಲ್ಲಿ ಪಾಲು ಕೊಟ್ಟ ಕಾನೂನು ಬಂದದ್ದು 1937ರಲ್ಲಿ. ಹೀಗಾಗಿ ಆ ನಾಲ್ಕು ವರ್ಷ ಧರ್ಮಪುರದ ವಿಧವೆಗಿದ್ದ ಹಕ್ಕು, ಗಡಿಯಾಚೆ ಅನಂತಪುರ ಜಿಲ್ಲೆಯಲ್ಲಿ ಅದೇ ಕನ್ನಡ ಆಡುವ ನೆಂಟಳಿಗೆ ಇರಲಿಲ್ಲ. ಆದರೆ ಮಳೆಯನ್ನೇ ನಂಬಿದ ಹೊಲದಲ್ಲಿ ಪಾಲು ಸಿಕ್ಕರೂ ಅದು ಹೊಟ್ಟೆಗಾದೀತೇ ಹೊರತು ಪುಸ್ತಕಕ್ಕೆ ಉಳಿಯುವುದು ಕಷ್ಟ.

ಸರ್ಕಾರವೇ ಈ ಖರ್ಚಿಗೆ ಕೈಹಾಕಿದ್ದು ಸ್ವಾತಂತ್ರ್ಯಾನಂತರ. 1953ರಲ್ಲಿ ದುರ್ಗಾಬಾಯಿ ದೇಶಮುಖರ ನೇತೃತ್ವದಲ್ಲಿ ಹುಟ್ಟಿದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ 1958ರಲ್ಲಿ ವಯಸ್ಕ ಮಹಿಳೆಯರಿಗಾಗಿ ‘ಕಂಡೆನ್ಸ್ಡ್ ಕೋರ್ಸ್’ ಆರಂಭಿಸಿತು. ಹಲವು ತರಗತಿಗಳ ಪಾಠವನ್ನು ಅಡಕಗೊಳಿಸಿ ಸುಮಾರು ಎರಡು ವರ್ಷಗಳಲ್ಲಿ ಮಿಡ್ಲ್ ಸ್ಕೂಲ್ ಅಥವಾ ಮೆಟ್ರಿಕ್ ಪರೀಕ್ಷೆಗೆ ಕೂರಿಸುವ ಈ ಕ್ರಮದಲ್ಲಿ ಹಣ ಸ್ವಯಂಸೇವಾ ಸಂಸ್ಥೆಗಳ ಮೂಲಕ ಬರುತ್ತಿತ್ತು, ಮತ್ತು ಓದಿದವಳು ಗ್ರಾಮಸೇವಕಿಯೋ ದಾದಿಯೋ ಶಿಕ್ಷಕಿಯೋ ಆಗಲೆಂಬುದು ಉದ್ದೇಶವಾಗಿತ್ತು. ಬದಲಿಗೆ ಕೇಳುವ ಪದ್ಧತಿ ಇಲ್ಲಿಯೂ ತಪ್ಪಲಿಲ್ಲವಾದರೂ, ಕೇಳಿದ್ದು ನಡತೆಯನ್ನಲ್ಲ, ದುಡಿಮೆಯನ್ನು ಎಂಬ ವ್ಯತ್ಯಾಸ ಸಣ್ಣದಲ್ಲ.

ಮುಂದೆ ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣವನ್ನು ತಂದಿತು. ಅದರಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬೆಳೆಯಿತು. ಮನೆಯಲ್ಲೇ ಕುಳಿತು ಓದಬಹುದಾದಾಗ ಹಾಸ್ಟೆಲಿನ ಖರ್ಚು ತಪ್ಪಿತು, ಆದರೆ ಲೆಕ್ಕಕ್ಕೆ ಬಾರದ ಖರ್ಚುಗಳು ಉಳಿದವು: ಶೇಂಗಾ ಕೀಳುವ ಸುಗ್ಗಿಯಲ್ಲಿ ಪರೀಕ್ಷೆ ಬಿದ್ದರೆ ಹೋಗುವ ಕೂಲಿ, ಹಿರಿಯೂರಿಗೆ ಬಸ್ಸಿನ ಚಾರ್ಜು, ಅಮ್ಮ ಬರುವ ತನಕ ಮಗುವನ್ನು ನೋಡಿಕೊಳ್ಳುವ ನೆರೆಮನೆಯವಳ ಋಣ. ಇವು ಯಾವ ಶುಲ್ಕ ವಿನಾಯಿತಿಯಲ್ಲೂ ಸೇರುವುದಿಲ್ಲ.

ಇಂಥ ಖರ್ಚಿಗೆ ಒದಗಬಹುದಾದ, 1984ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ನಿರ್ಗತಿಕ ವಿಧವಾ ವೇತನ 2021ರಲ್ಲಿ ತಿಂಗಳಿಗೆ 800 ರೂಪಾಯಿಗೆ ಏರಿತು. ಅದಕ್ಕೆ ಗಂಡನ ಮರಣ ಪ್ರಮಾಣಪತ್ರ ಬೇಕು; ಗಂಡ ಬಿಟ್ಟುಹೋದವಳ ಬಳಿ, ಅಂದರೆ ಕಾಗದಪತ್ರಗಳ ಭಾಷೆಯಲ್ಲಿ ಪರಿತ್ಯಕ್ತೆಯ ಬಳಿ, ಅದು ಇರುವುದಿಲ್ಲ. ಅವಿವಾಹಿತರಿಗೂ ವಿಚ್ಛೇದಿತರಿಗೂ 2013ರಲ್ಲಿ ಬಂದ ಮನಸ್ವಿನಿ ಯೋಜನೆಯ ವಯೋಮಿತಿ 40ರಿಂದ 64. ಇಪ್ಪತ್ತೈದರಲ್ಲಿ ಮತ್ತೆ ಪುಸ್ತಕ ಹಿಡಿಯುವ ತಾಯಿಗೆ ಆ ಹಣ ದೊರಕಲು ಇನ್ನೂ ಹದಿನೈದು ವರ್ಷ ಬೇಕು.