ಸ್ವಂತ ಹೆಸರಿನಲ್ಲಿ ಆಡಿದವನು

ಹಣ ಪಡೆದು ಆಡಿದವನು ಮತ್ತೆ ಕಾಲೇಜಿನ ಹುಡುಗರ ಸಾಲಿನಲ್ಲಿ ನಿಂತು ಆಡಬಹುದೆ? ಅಮೆರಿಕದ ವಿಶ್ವವಿದ್ಯಾನಿಲಯಗಳನ್ನು ನೂರು ವರ್ಷಗಳಿಗೂ ಮೇಲ್ಪಟ್ಟು ಕಾಡುತ್ತ ಬಂದಿರುವ ಪ್ರಶ್ನೆ ಇದು. ಮೇಲುನೋಟಕ್ಕೆ ಉತ್ತರ ಸುಲಭ. ಆಟವೇ ಕಸುಬಾದವನನ್ನೂ ಓದಿನ ಬಿಡುವಿನಲ್ಲಿ ಆಡುವವನನ್ನೂ ಒಂದೇ ಕಣಕ್ಕೆ ಬಿಟ್ಟರೆ ನ್ಯಾಯವಾಗದು ಎಂದು ಯಾರಿಗಾದರೂ ತೋರುತ್ತದೆ. ಆದರೆ ಈ ನಿಯಮದ ಚರಿತ್ರೆಯನ್ನು ಬಿಚ್ಚಿ ನೋಡಿದರೆ, ಅದು ಹಣ ಮುಟ್ಟಿದವರನ್ನು ಹಿಡಿದದ್ದಕ್ಕಿಂತ, ಮುಟ್ಟಿದ್ದನ್ನು ಮುಚ್ಚಿಡಲು ಅರಿಯದವರನ್ನು ಹಿಡಿದದ್ದೇ ಹೆಚ್ಚೆಂದು ಕಾಣುತ್ತದೆ.

ಹವ್ಯಾಸಿ ಆಟಗಾರ, ವೃತ್ತಿ ಆಟಗಾರ ಎಂಬ ಭೇದ ಬೆಳೆದದ್ದು ಇಂಗ್ಲೆಂಡಿನಲ್ಲಿ. ೧೮೭೯ರಲ್ಲಿ ಥೇಮ್ಸ್ ನದಿಯ ಹೆನ್ಲಿ ದೋಣಿಪಂದ್ಯದ ವ್ಯವಸ್ಥಾಪಕರು ಹವ್ಯಾಸಿಯೆಂದರೆ ಯಾರು ಎಂಬುದಕ್ಕೆ ಲಕ್ಷಣ ಬರೆದರು. ಹಣಕ್ಕಾಗಿ ಹುಟ್ಟುಹಾಕಿದವನು ಹವ್ಯಾಸಿಯಲ್ಲ ಎಂದರು, ಅದು ಸರಿ. ಅಷ್ಟಕ್ಕೇ ನಿಲ್ಲದೆ, ಕೂಲಿಗಾಗಿ ದುಡಿಯುವ ಕುಶಲಕರ್ಮಿ, ಕಾರ್ಮಿಕರು ಯಾರೂ ಹವ್ಯಾಸಿಗಳಲ್ಲ ಎಂದೂ ಸೇರಿಸಿದರು. ಅಂದರೆ ದೋಣಿಪಂದ್ಯದಿಂದ ಒಂದು ಕಾಸನ್ನೂ ಗಳಿಸದ ಬಡಗಿಗೂ ಅಲ್ಲಿ ಪ್ರವೇಶವಿರಲಿಲ್ಲ. ಕ್ರಿಕೆಟ್ಟಿನಲ್ಲಿಯೂ ದೊಡ್ಡಮನುಷ್ಯರು ಬೇರೆ, ಸಂಬಳದ ಆಟಗಾರರು ಬೇರೆ ಎಂಬ ಪಂಕ್ತಿಭೇದ ೧೯೬೨ರ ಕೊನೆಯವರೆಗೂ ನಡೆದುಬಂತು. ಶುದ್ಧ ಕ್ರೀಡೆಯ ಹೆಸರಿನಲ್ಲಿ ಕಾಯ್ದುಕೊಂಡದ್ದು ಕ್ರೀಡೆಯ ಮಡಿಯನ್ನಲ್ಲ, ಅಂತಸ್ತಿನ ಮಡಿಯನ್ನು.

ಅಮೆರಿಕದ ಕಾಲೇಜುಗಳು ಈ ಆದರ್ಶವನ್ನು ಎರವಲು ತಂದವು. ಆದರೆ ಅಲ್ಲಿ ಬಡವರ ಮಕ್ಕಳೂ ಕಾಲೇಜಿಗೆ ಬರುತ್ತಿದ್ದರು. ಬೇಸಗೆಯ ರಜೆ ಬಂದೊಡನೆ ಚೆನ್ನಾಗಿ ಬೇಸ್‌ಬಾಲ್ ಆಡುವ ಹುಡುಗರು ಸಣ್ಣ ಊರುಗಳ ತಂಡಗಳಿಗೆ ಹೋಗುತ್ತಿದ್ದರು. ಊಟ, ವಸತಿ, ಕೈಗೆ ನಾಲ್ಕು ಡಾಲರ್. ಆಟಗಾರರ ಪಟ್ಟಿಯಲ್ಲಿ ಮಾತ್ರ ಸುಳ್ಳು ಹೆಸರು. ರಜೆ ಮುಗಿದ ಮೇಲೆ ಅದೇ ಹುಡುಗರು ಸ್ವಂತ ಹೆಸರಿನಲ್ಲಿ ಕಾಲೇಜು ತಂಡಕ್ಕೆ ಮರಳುತ್ತಿದ್ದರು. ೧೯೦೬ರಲ್ಲಿ ಕಾಲೇಜುಗಳು ಕೂಡಿ ಒಂದು ಕ್ರೀಡಾಸಂಘ ಕಟ್ಟಿದವು. ೧೯೧೦ರಿಂದ ಅದಕ್ಕೆ ಎನ್‌ಸಿಎಎ ಎಂದು ಹೆಸರು. ಹಣ ಪಡೆದವರು ಕಾಲೇಜಿನ ಪರ ಆಡಕೂಡದು ಎಂದು ಅದು ವಿಧಿಸಿತು. ಬೇಸಗೆಯ ಆಟ ನಿಲ್ಲಲಿಲ್ಲ. ಊರಿನವರಿಗೆ ಗೊತ್ತು, ತರಬೇತುದಾರರಿಗೆ ಗೊತ್ತು. ನಿಯಮದ ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ.

ಇಂಥ ಕಾಲದಲ್ಲಿ ಬಂದವನು ಜಿಮ್ ಥಾರ್ಪ್. ಅಮೆರಿಕದ ಮೂಲನಿವಾಸಿಗಳಲ್ಲಿ ಸಾಕ್ ಮತ್ತು ಫಾಕ್ಸ್ ಎಂಬ ಜನಾಂಗದವನು. ಇಂದು ಓಕ್ಲಹೋಮಾ ಎನಿಸಿಕೊಂಡಿರುವ ಸೀಮೆಯಲ್ಲಿ ಹುಟ್ಟಿದವನು. ಓದಿದ್ದು ಪೆನ್ಸಿಲ್ವೇನಿಯದ ಕಾರ್ಲೈಲ್ ಶಾಲೆಯಲ್ಲಿ. ಮೂಲನಿವಾಸಿಗಳ ಮಕ್ಕಳನ್ನು ತಂದು, ಅವರ ಭಾಷೆ, ವೇಷ, ನಡೆನುಡಿಗಳನ್ನು ಬಿಡಿಸಿ ಬಿಳಿಯರಂತೆ ಮಾಡುವುದಕ್ಕಾಗಿ ೧೮೭೯ರಲ್ಲಿ ಒಂದು ಹಳೆಯ ಸೈನಿಕ ಠಾಣ್ಯದಲ್ಲಿ ತೆರೆದ ಶಾಲೆ ಅದು. ಪದವಿ ಕೊಡುವ ಕಾಲೇಜಲ್ಲದಿದ್ದರೂ ಅದರ ಫುಟ್‌ಬಾಲ್ ತಂಡ ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳೊಡನೆ ಸೆಣಸುತ್ತಿತ್ತು. ಟಿಕೆಟ್ಟಿನ ಹಣದಿಂದ ಶಾಲೆಯ ಬೊಕ್ಕಸವೂ ತುಂಬುತ್ತಿತ್ತು.

೧೯೦೯ ಮತ್ತು ೧೯೧೦ರ ಬೇಸಗೆಗಳಲ್ಲಿ ಥಾರ್ಪ್ ಉತ್ತರ ಕೆರೊಲಿನಾದಲ್ಲಿ ಬೇಸ್‌ಬಾಲ್ ಆಡಿ ಅಲ್ಪಸ್ವಲ್ಪ ಹಣ ಪಡೆದ. ಅವನ ಶಾಲೆಯ ಬೇರೆ ಹುಡುಗರೂ ಹೋಗಿದ್ದರು. ಅವನು ಮಾಡಿದ ಒಂದೇ ಅವಿವೇಕವೆಂದರೆ ತನ್ನ ಹೆಸರನ್ನು ಬದಲಾಯಿಸದಿದ್ದದ್ದು. ೧೯೧೧ರಲ್ಲಿ ಶಾಲೆ ಅವನನ್ನು ಮತ್ತೆ ಬರಮಾಡಿಕೊಂಡಿತು. ಆ ವರ್ಷ ಕಾರ್ಲೈಲ್ ಹಾರ್ವರ್ಡನ್ನು ೧೮-೧೫ರಿಂದ ಸೋಲಿಸಿದಾಗ ಗೆಲುವು ಬಹುಪಾಲು ಅವನ ಕಾಲಿನಿಂದಲೇ ಬಂದದ್ದು. ಹಿಂದಿನ ಎರಡು ಬೇಸಗೆ ಅವನು ಎಲ್ಲಿದ್ದನೆಂದು ಆಗ ಯಾರೂ ಕೇಳಲಿಲ್ಲ.

೧೯೧೨ರಲ್ಲಿ ಸ್ಟಾಕ್‌ಹೋಮಿನ ಒಲಿಂಪಿಕ್ ಕ್ರೀಡಾಕೂಟ. ಐದು ಸ್ಪರ್ಧೆಗಳ ಪೆಂಟಾಥ್ಲಾನಿನಲ್ಲಿ ನಾಲ್ಕನ್ನು ಥಾರ್ಪನೇ ಗೆದ್ದ. ಹತ್ತು ಸ್ಪರ್ಧೆಗಳ ಡೆಕಾಥ್ಲಾನಿನಲ್ಲಿ ಎರಡನೆಯವನಿಗಿಂತ ಸುಮಾರು ಏಳು ನೂರು ಅಂಕ ಮುಂದಿದ್ದ. ಸ್ವೀಡನ್ನಿನ ದೊರೆ ಸ್ವತಃ ಬಹುಮಾನ ಕೊಟ್ಟ. ಆರು ತಿಂಗಳು ಕಳೆದು ೧೯೧೩ರ ಜನವರಿಯಲ್ಲಿ ಮ್ಯಾಸಚೂಸೆಟ್ಸಿನ ಒಂದು ಪತ್ರಿಕೆ ಬೇಸಗೆಯ ಬೇಸ್‌ಬಾಲಿನ ಸಂಗತಿಯನ್ನು ಬಯಲು ಮಾಡಿತು. ಶಾಲೆಯ ಅಧಿಕಾರಿಗಳೂ ತರಬೇತುದಾರ ವಾರ್ನರನೂ ತಮಗೇನೂ ತಿಳಿಯದೆಂದು ಕೈ ತೊಳೆದುಕೊಂಡರು. ಹವ್ಯಾಸಿ ಕ್ರೀಡಾಸಂಘದ ಕಾರ್ಯದರ್ಶಿ ಸಲಿವನ್ನರಿಗೆ ಥಾರ್ಪನ ಸಹಿಯಿಂದ ಒಂದು ಪತ್ರ ಹೋಯಿತು. ತಾನು ಲೋಕವರಿಯದ ಶಾಲಾಹುಡುಗ. ಇತರ ಕಾಲೇಜು ಹುಡುಗರೂ ಹೀಗೆಯೇ ಆಡಿದ್ದಾರೆ, ಅವರು ಮಾತ್ರ ಬೇರೆ ಹೆಸರು ಇಟ್ಟುಕೊಂಡರು ಎಂಬುದು ಅದರ ತಾತ್ಪರ್ಯ. ಪತ್ರ ಫಲಿಸಲಿಲ್ಲ. ಆಕ್ಷೇಪಣೆಯನ್ನು ಮೂವತ್ತು ದಿನಗಳೊಳಗೆ ಸಲ್ಲಿಸಬೇಕೆಂದು ಆ ಕೂಟದ ನಿಯಮವೇ ಹೇಳುತ್ತಿತ್ತು. ಅದನ್ನು ಯಾರೂ ನೆನೆಯಲಿಲ್ಲ. ಪದಕಗಳು ಹಿಂದಕ್ಕೆ ಹೋದವು, ದಾಖಲೆಯಿಂದ ಹೆಸರು ಅಳಿಯಿತು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ೧೯೧೨ರ ನವೆಂಬರಿನಲ್ಲಿ ಕಾರ್ಲೈಲ್ ತಂಡ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯವನ್ನು ೨೭-೬ರಿಂದ ಸೋಲಿಸಿತು. ಸೋತ ತಂಡದಲ್ಲಿ ಡ್ವೈಟ್ ಐಸೆನ್‌ಹೋವರ್ ಎಂಬ ತರುಣನಿದ್ದ. ಹುಡುಗನಾಗಿದ್ದಾಗ ಕ್ಯಾನ್ಸಸ್ಸಿನಲ್ಲಿ ವಿಲ್ಸನ್ ಎಂಬ ಹೆಸರಿಟ್ಟುಕೊಂಡು ಹಣಕ್ಕಾಗಿ ಬೇಸ್‌ಬಾಲ್ ಆಡಿದ್ದಾಗಿ ಅವರೇ ಹೇಳಿದರೆಂದು ೧೯೪೫ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಮಹಾಯುದ್ಧವನ್ನು ಗೆದ್ದುಬಂದ ಸೇನಾನಿಯ ಮಾತನ್ನು ಜನ ನಕ್ಕು ಕೇಳಿದರು. ನಗಬೇಕಾದದ್ದೇ ಸರಿ. ಅನುಕೂಲವಿಲ್ಲದ ಮನೆಯ ಹುಡುಗ ರಜೆಯಲ್ಲಿ ಆಡಿ ನಾಲ್ಕು ಕಾಸು ಸಂಪಾದಿಸಿದರೆ ಅದರಲ್ಲಿ ಪಾತಕವೇನಿದೆ? ಆದರೆ ಆ ಔದಾರ್ಯ ಥಾರ್ಪನ ಪಾಲಿಗೆ ಬರಲಿಲ್ಲ. ೧೯೫೩ರ ಜನವರಿಯಲ್ಲಿ ಐಸೆನ್‌ಹೋವರ್ ಅಧ್ಯಕ್ಷ ಪದವಿಯನ್ನು ವಹಿಸಿಕೊಂಡರು. ಅದೇ ವರ್ಷ ಮಾರ್ಚಿಯಲ್ಲಿ, ಪದಕಗಳಿಲ್ಲದೆಯೇ, ಥಾರ್ಪ್ ತೀರಿಕೊಂಡ.

೧೯೮೨ರಲ್ಲಿ ಒಲಿಂಪಿಕ್ ಸಮಿತಿ ಅವನನ್ನು ಜಂಟಿ ವಿಜೇತನೆಂದು ಒಪ್ಪಿತು. ಮರುವರ್ಷ ಪದಕಗಳ ಪ್ರತಿಕೃತಿಗಳನ್ನು ಅವನ ಮಕ್ಕಳ ಕೈಗಿತ್ತರು. ಅವನೊಬ್ಬನೇ ವಿಜೇತನೆಂದು ಬರೆದದ್ದು ೨೦೨೨ರಲ್ಲಿ, ಗೆದ್ದು ನೂರಹತ್ತು ವರ್ಷಗಳಾದ ಮೇಲೆ.

ಈ ನಡುವೆ ಕಾಲೇಜು ಕ್ರೀಡೆ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಹುಡುಗರನ್ನು ತಂಡಕ್ಕೆ ಸೆಳೆಯಲು ಕಾಲೇಜುಗಳೇ ನಾನಾ ಬಗೆಯಲ್ಲಿ ಹಣ ಹರಿಸುತ್ತಿವೆ ಎಂದು ಕಾರ್ನೆಗಿ ಪ್ರತಿಷ್ಠಾನದ ವರದಿ ೧೯೨೯ರಲ್ಲಿಯೇ ತೋರಿಸಿಕೊಟ್ಟಿತ್ತು. ಆದರೂ ಹೊರಗೆ ದುಡಿದ ಆಟಗಾರನಿಗೆ ಬಾಗಿಲು ಮುಚ್ಚಿಯೇ ಇತ್ತು. ಕೊನೆಗೆ ನ್ಯಾಯಾಲಯಗಳು ಬೀಗ ಮುರಿದವು. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಎನ್‌ಸಿಎಎ ವಿರುದ್ಧ ಒಮ್ಮತದ ತೀರ್ಪು ಕೊಟ್ಟಿತು. ಆ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದೆಂದಾಯಿತು. ತನ್ನ ಹೆಸರನ್ನು ಮರೆಮಾಡದೆ ಕೆಟ್ಟ ಥಾರ್ಪನ ನೆನಪು ಇಲ್ಲಿ ಬಾರದಿರದು. ೨೦೨೫ರ ಜುಲೈಯಿಂದ ಕಾಲೇಜೊಂದು ತನ್ನ ಆಟಗಾರರಿಗೆ ವರ್ಷಕ್ಕೆ ಎರಡು ಕೋಟಿ ಡಾಲರಿಗೂ ಮಿಕ್ಕಿ ಹಂಚಬಹುದೆಂದಾಯಿತು. ಆ ವರ್ಷದ ಡಿಸೆಂಬರಿನಲ್ಲಿ, ಸ್ಪೇನಿನ ಬಾರ್ಸಿಲೋನಾ ತಂಡದಲ್ಲಿ ವೃತ್ತಿ ಆಟಗಾರನಾಗಿದ್ದ ಜೇಮ್ಸ್ ನಾಜಿಯನ್ನು ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾನಿಲಯ ಬಾಸ್ಕೆಟ್‌ಬಾಲಿಗೆ ಸೇರಿಸಿಕೊಂಡಿತು. ಅಮೆರಿಕದ ವೃತ್ತಿ ತಂಡಗಳ ಕೂಟವಾದ ಎನ್‌ಬಿಎಯೊಡನೆ ಕರಾರಿಗೆ ಸಹಿ ಹಾಕಿದವರಿಗೆ ಮಾತ್ರ ಅವಕಾಶವಿಲ್ಲವೆಂದು ಎನ್‌ಸಿಎಎ ಆಗ ಗೆರೆಯನ್ನು ಹೊಸದಾಗಿ ಎಳೆಯಿತು.

ಗೆರೆ ಎಲ್ಲಾದರೂ ಇರಲೇಬೇಕೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ನುರಿತ ವೃತ್ತಿ ಆಟಗಾರನೊಬ್ಬ ಬಂದರೆ ಹೈಸ್ಕೂಲು ಮುಗಿಸಿದ ಹುಡುಗನೊಬ್ಬನ ಸ್ಥಾನ ಹೋಗುತ್ತದೆ; ಆ ಹುಡುಗನ ನಷ್ಟವೂ ನಷ್ಟವೇ. ವಯಸ್ಸಿನ ಗೆರೆ, ಓದಿನ ಗೆರೆ, ಆಡುವ ವರ್ಷಗಳ ಗೆರೆ ಎಳೆಯಬಹುದು. ಅವು ಎಲ್ಲರ ಕಣ್ಣಿಗೂ ಕಾಣುವಂಥವು. ಜೇಬಿನಲ್ಲಿ ಎಳೆದ ಗೆರೆ ಮಾತ್ರ ಸುಳ್ಳು ಹೇಳಬಲ್ಲವನನ್ನು ದಾಟಿಸಿ, ಸತ್ಯ ಹೇಳಿದವನನ್ನು ತಡೆಯಿತು. ನಿಯಮಗಳನ್ನು ಬರೆಯುವವರು ಇನ್ನು ಮುಂದಾದರೂ ಉತ್ತರ ಕೆರೊಲಿನಾದ ಆ ಆಟಗಾರರ ಪಟ್ಟಿಯನ್ನು ಒಮ್ಮೆ ನೆನೆದುಕೊಳ್ಳುವುದು ಒಳ್ಳೆಯದು.