ಎಸೆಯುವವನ ಮೇಲೆ ಬಾಜಿ

ತೈವಾನಿನ ಐನೂರು ಡಾಲರ್ ನೋಟಿನ ಮೇಲೆ ಯಾವ ನಾಯಕನ ಮುಖವೂ ಇಲ್ಲ. ಗೆದ್ದ ಖುಷಿಯಲ್ಲಿ ಕುಣಿಯುತ್ತಿರುವ ಹುಡುಗರ ಒಂದು ಬೇಸ್‌ಬಾಲ್ ತಂಡವಿದೆ, ತೈತುಂಗ್ ಕಡೆಯ ನಾನ್‌ವಾಂಗ್ ಪ್ರಾಥಮಿಕ ಶಾಲೆಯ ಮಕ್ಕಳದು. ಈ ನೋಟು ಬಂದದ್ದು 2000ದಲ್ಲಿ. ಅದರ ಹಿಂದಿನ ವರ್ಷವಷ್ಟೇ ಅಲ್ಲಿನ ವೃತ್ತಿಪರ ಲೀಗಿನ ಎರಡು ತಂಡಗಳು ಬಾಗಿಲು ಹಾಕಿದ್ದವು. ಅದಕ್ಕೂ ಮುಂಚೆ ಇನ್ನೊಂದು ತಂಡ ಮುಳುಗಿತ್ತು, ಆಟಗಾರರೇ ಪಂದ್ಯಗಳನ್ನು ಮಾರಿಕೊಂಡಿದ್ದ ಕಾರಣಕ್ಕೆ. ಒಂದು ದೇಶ ತನ್ನ ಹಣದ ಮೇಲೆ ಅಚ್ಚು ಹಾಕುವಷ್ಟು ಪ್ರೀತಿಸುವ ಆಟ, ಅದೇ ಹಣಕ್ಕೆ ಬೀದಿಯಲ್ಲಿ ಬಿಕರಿಯಾಗುತ್ತಿತ್ತು.

ಹೀಗೇಕಾಯಿತು ಎಂಬುದನ್ನು ತಿಳಿಯಲು ಮೊದಲು ಬೇಸ್‌ಬಾಲಿನಲ್ಲಿ ಬಾಜಿ ಕಟ್ಟುವವನು ಏನನ್ನು ನೋಡುತ್ತಾನೆ ಎಂದು ತಿಳಿಯಬೇಕು. ನಮಗೆ ಕ್ರಿಕೆಟ್ ಗೊತ್ತು. ಏಕದಿನ ಪಂದ್ಯದ ಐವತ್ತು ಓವರುಗಳಲ್ಲಿ ಒಬ್ಬ ಬೌಲರ್ ಹೆಚ್ಚೆಂದರೆ ಹತ್ತು ಎಸೆಯುತ್ತಾನೆ. ಬೇಸ್‌ಬಾಲಿನಲ್ಲಿ ಪಂದ್ಯ ಶುರುಮಾಡುವ ಪಿಚರ್ ಒಂಬತ್ತು ಇನಿಂಗ್ಸಿನಲ್ಲಿ ಐದನ್ನೋ ಆರನ್ನೋ ಒಬ್ಬನೇ ಎಸೆಯಬಹುದು. ಮೈಯಲ್ಲಿ ಕಸುವಿದ್ದ ದಿನ ಒಂಬತ್ತನ್ನೂ ಎಸೆದು ಮುಗಿಸಬಹುದು. ಆಮೇಲೆ ಅವನ ತೋಳಿಗೆ ನಾಲ್ಕೈದು ದಿನ ವಿಶ್ರಾಂತಿ ಬೇಕು. ಹಾಗಾಗಿ ಇವತ್ತು ಮೈದಾನಕ್ಕಿಳಿದ ತಂಡ ನಾಳೆ ಅದೇ ತಂಡವಲ್ಲ. ಬಟ್ಟೆ ಅದೇ, ಬ್ಯಾಟು ಬೀಸುವವರು ಅವರೇ, ಆದರೆ ಗೆಲ್ಲುವ ಸಾಧ್ಯತೆ ಬೇರೆ. ಅಮೆರಿಕದ ಬುಕ್ಕಿಗಳು ಇದಕ್ಕಾಗಿಯೇ ತಂಡದ ಹೆಸರಿನ ಪಕ್ಕದಲ್ಲಿ ಪಿಚರ್ ಹೆಸರನ್ನೂ ಬರೆಯುವ ಪದ್ಧತಿ ಮಾಡಿಕೊಂಡರು. ಹೆಸರಿಸಿದ ಪಿಚರ್ ಬರದೆ ಬೇರೊಬ್ಬ ಬಂದರೆ ಬಾಜಿ ರದ್ದು, ಹಣ ವಾಪಸ್. ಮಹಾಲಕ್ಷ್ಮಿ, ಗಿಂಡಿ, ಮಲಕ್‌ಪೇಟೆಯ ರೇಸುಗಳನ್ನು ಬಲ್ಲವರಿಗೆ ಇದು ತಕ್ಷಣ ಅರ್ಥವಾಗುತ್ತದೆ: ಹಣ ಕಟ್ಟುವುದು ಕುದುರೆಯ ಮೇಲೆ, ಲಾಯದ ಮೇಲಲ್ಲ.

ಬಾಜಿಗಾರ ಇಷ್ಟು ಕಲಿತದ್ದನ್ನೇ ಮೋಸಗಾರನೂ ಕಲಿತ. ಒಂಬತ್ತು ಜನರನ್ನು ಕೊಳ್ಳುವುದೇಕೆ, ಒಬ್ಬ ಸಾಕಲ್ಲ. 1919ರ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡವನ್ನು ಜೂಜುಕೋರರು ಹಾಳುಮಾಡಿದಾಗ ಅವರಿಗೆ ಮುಖ್ಯವಾಗಿ ಬೇಕಿದ್ದವರು ಎಡ್ಡಿ ಸಿಕಾಟ್ ಮತ್ತು ಲೆಫ್ಟಿ ವಿಲಿಯಮ್ಸ್ ಎಂಬ ಇಬ್ಬರು ಪಿಚರ್‌ಗಳು. ಸಿಕಾಟ್ ಪಡೆದದ್ದು 10,000 ಡಾಲರ್. ಜಪಾನಿನಲ್ಲಿ 1969ರಿಂದ 71ರವರೆಗೆ ಎದ್ದ, ಕಪ್ಪು ಮಂಜು ಎಂದು ಹೆಸರಾದ ಹಗರಣದಲ್ಲೂ ಅದೇ ಕತೆ. ನಿಷಿತೆತ್ಸು ಲಯನ್ಸ್ ತಂಡದ ಇಕೆನಾಗಾ ಮಸಾಆಕಿ ಎಂಬ ಅಪ್ರತಿಮ ಪಿಚರ್‌ಗೆ 1970ರಲ್ಲಿ ಆಜೀವ ನಿಷೇಧ ಬಿತ್ತು. ಅದನ್ನು ತೆಗೆದದ್ದು 2005ರಲ್ಲಿ, ಆ ತೋಳು ಯಾರಿಗೂ ಬೇಡವಾದ ಮೇಲೆ.

ಇಲ್ಲೇ ಪೀಟ್ ರೋಸ್ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಸಿನ್ಸಿನಾಟಿ ರೆಡ್ಸ್ ತಂಡದ ಮ್ಯಾನೇಜರ್ ಆಗಿದ್ದಾಗ ಬಾಜಿ ಕಟ್ಟಿದ್ದಕ್ಕೆ ಅವನನ್ನು 1989ರಲ್ಲಿ ಆಟದಿಂದ ಹೊರಹಾಕಿದರು. ಅವನು ತನ್ನ ತಂಡ ಗೆಲ್ಲಲಿ ಎಂದೇ ಕಟ್ಟಿದ್ದಲ್ಲವೇ, ಅದರಲ್ಲೇನು ತಪ್ಪು ಎಂದು ಕೇಳುವವರು ಈಗಲೂ ಇದ್ದಾರೆ. ತಪ್ಪಿರುವುದು ಪಿಚರ್ ವಿಚಾರದಲ್ಲಿ. ಇವತ್ತಿನ ಪಂದ್ಯದ ಮೇಲೆ ತನ್ನ ಹಣವಿದ್ದರೆ ಮ್ಯಾನೇಜರ್ ನಾಳೆಗೆ ಬೇಕಾದ ತೋಳನ್ನು ಇವತ್ತೇ ಸವೆಸಿಬಿಡಬಹುದು. ಹಣವಿಲ್ಲದ ದಿನ ಅದೇ ತೋಳನ್ನು ಬಚ್ಚಿಡಬಹುದು. ಅವನು ಯಾವ ದಿನ ಕಟ್ಟಲಿಲ್ಲ ಎಂಬುದೇ ಬುಕ್ಕಿಗೆ ಸಿಗುವ ಸುಳಿವು. ಯಾರನ್ನು ಯಾವಾಗ ಎಸೆಯಲು ಬಿಡಬೇಕು ಎಂಬ ತೀರ್ಮಾನಕ್ಕಿರುವ ಬೆಲೆ ಇದು.

ಈಗ ತೈವಾನಿಗೆ ಬರೋಣ. ಈ ಆಟ ಅಲ್ಲಿಗೆ ಬಂದದ್ದು 1895ರಿಂದ 1945ರವರೆಗಿನ ಜಪಾನಿ ಆಳ್ವಿಕೆಯ ಜೊತೆಗೆ. 1931ರಲ್ಲಿ ಜಪಾನಿನ ಕೋಶಿಯೆನ್ ಶಾಲಾ ಪಂದ್ಯಾವಳಿಯಲ್ಲಿ ಚಿಯಾಯಿಯ ಕೃಷಿ ಶಾಲೆಯ ಹುಡುಗರು ಎರಡನೆಯವರಾಗಿ ಬಂದರು. ತಂಡದಲ್ಲಿ ಜಪಾನಿಯರು, ಹಾನ್ ಚೀನೀಯರು, ಮೂಲನಿವಾಸಿಗಳು ಎಲ್ಲರೂ ಇದ್ದರು. 1969ರಿಂದ 1996ರವರೆಗೆ ಅಮೆರಿಕದ ವಿಲಿಯಮ್ಸ್‌ಪೋರ್ಟಿನಲ್ಲಿ ನಡೆಯುವ ಮಕ್ಕಳ ವಿಶ್ವಕಪ್ಪನ್ನು ತೈವಾನಿನ ಹುಡುಗರು ಹದಿನೇಳು ಸಲ ಗೆದ್ದರು. 1971ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶದ ಕುರ್ಚಿ ಹೋಯಿತು. ಮುಂದೆ ಕ್ರೀಡಾಕೂಟಗಳಲ್ಲಿ ಸ್ವಂತ ಹೆಸರೂ ಹೋಗಿ 'ಚೈನೀಸ್ ತೈಪೆ' ಎಂಬ ಹೆಸರು ಅಂಟಿತು. ಉಳಿದದ್ದು ಬೇಸ್‌ಬಾಲ್. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕುವೊ ಲೀ ಚಿಯೆನ್-ಫು ಎಂಬ ಪಿಚರ್ ಜಪಾನನ್ನು ಎರಡು ಸಲ ಸೋಲಿಸಿದ, ಗುಂಪಿನಲ್ಲಿ 2-0, ಸೆಮಿಫೈನಲಿನಲ್ಲಿ 5-2. ಬೆಳ್ಳಿ ಪದಕ ಬಂತು. ಎರಡು ವರ್ಷದ ಕೂಸಾಗಿದ್ದ ವೃತ್ತಿಪರ ಲೀಗಿಗೆ ಜನ ಮುಗಿಬಿದ್ದರು. ಜನ ಬಂದಲ್ಲಿಗೆ ಬಾಜಿ ಬಂತು, ಬಾಜಿಯ ಹಿಂದೆ ಗೂಂಡಾಗಳು ಬಂದರು.

1996ರ ಆಗಸ್ಟಿನಲ್ಲಿ ಬ್ರದರ್ ಎಲಿಫೆಂಟ್ಸ್ ತಂಡದ ಕೆಲವು ಆಟಗಾರರನ್ನು ತೈಚುಂಗಿನ ಹೋಟೆಲಿನಲ್ಲಿ ಪಿಸ್ತೂಲು ತೋರಿಸಿ ಹಿಡಿದಿಟ್ಟರು. ಬಾಜಿಯಲ್ಲಿ ಹಣ ಕಳೆದುಕೊಂಡವರ ಸಿಟ್ಟು ಅದು. ಮರುವರ್ಷ ತನಿಖೆ ಬಿಚ್ಚಿಕೊಂಡಾಗ ಚೈನಾ ಟೈಮ್ಸ್ ಈಗಲ್ಸ್ ತಂಡದ ಎಷ್ಟು ಜನ ಸಿಕ್ಕಿಬಿದ್ದರೆಂದರೆ, ಆಡಲು ಆಳಿಲ್ಲದೆ ಬೇರೆ ತಂಡಗಳಿಂದ ಆಟಗಾರರನ್ನು ಕಡ ತಂದು ಋತು ಮುಗಿಸಬೇಕಾಯಿತು. ಅದನ್ನು ಅಲ್ಲಿ ಕಪ್ಪು ಹದ್ದಿನ ಪ್ರಕರಣ ಎನ್ನುತ್ತಾರೆ. ಹಣ ತಗೊಂಡು ಸೋತವರೂ ಇದ್ದರು, ಬೆದರಿಕೆಗೆ ಸೋತವರೂ ಇದ್ದರು. ಒಂದು ಸಲ ಹಣ ಮುಟ್ಟಿದವನಿಗೆ ಎರಡನೆಯ ಸಲ ಬೆದರಿಕೆಯೇ ಸಾಕಾಗುತ್ತಿತ್ತು. ರನ್ನುಗಳ ಅಂತರದ ಮೇಲೆ ಕಟ್ಟುವ ಬಾಜಿಯಲ್ಲಂತೂ ಸೋಲಬೇಕೆಂದೂ ಇಲ್ಲ. ಮೂರರಿಂದ ಗೆಲ್ಲಬೇಕಾದಲ್ಲಿ ಒಂದರಿಂದ ಗೆದ್ದರಾಯಿತು. ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. 1999ರಲ್ಲಿ ವೇಯ್ ಚುವಾನ್ ಡ್ರ್ಯಾಗನ್ಸ್ ತಂಡದ ತರಬೇತುದಾರ ಷು ಶೆಂಗ್-ಮಿಂಗ್ ಅವರಿಗೆ ಚೂರಿ ಇರಿದರು. ಅವರು ಬದುಕಿದರು, ಆದರೆ ಆ ವರ್ಷದ ಕೊನೆಗೆ ಅವರ ತಂಡವೂ ಮರ್ಕ್ಯುರೀಸ್ ಟೈಗರ್ಸ್ ತಂಡವೂ ಮುಚ್ಚಿದವು. ಖಾಲಿ ಕ್ರೀಡಾಂಗಣಗಳ ಕಾಲ ಅದು. ಪಿಚರ್ ಒಂದು ಚೆಂಡನ್ನು ಅಡ್ಡಾದಿಡ್ಡಿ ಎಸೆದರೆ ಕೈ ಜಾರಿತೋ ಕಿಸೆ ಭಾರವಾಯಿತೋ ಎಂದು ಪ್ರೇಕ್ಷಕ ಯೋಚಿಸತೊಡಗಿದರೆ ಅವನು ಟಿಕೆಟ್ ಕೊಳ್ಳುವುದಾದರೂ ಏಕೆ?

ಆ ಪ್ರೇಕ್ಷಕನನ್ನು ಮರಳಿ ತಂದದ್ದು ರಾಷ್ಟ್ರೀಯ ತಂಡ. 2001ರ ವಿಶ್ವಕಪ್ ತೈವಾನಿನಲ್ಲೇ ನಡೆಯಿತು. ಕಂಚಿನ ಪದಕದ ಪಂದ್ಯದಲ್ಲಿ ಚಾಂಗ್ ಚಿ-ಚಿಯಾ ಒಂಬತ್ತೂ ಇನಿಂಗ್ಸ್ ಎಸೆದು ಜಪಾನಿಗೆ ಒಂದು ರನ್ನನ್ನೂ ಕೊಡಲಿಲ್ಲ. ಚೆನ್ ಚಿನ್-ಫೆಂಗ್ ಎರಡು ಹೋಮ್ ರನ್ ಹೊಡೆದ. 3-0. ಚೂರಿ ಇರಿತದಿಂದ ಚೇತರಿಸಿಕೊಂಡ ಷು ಶೆಂಗ್-ಮಿಂಗ್ ಮುಂದೆ ರಾಷ್ಟ್ರೀಯ ತಂಡವನ್ನು ಅಥೆನ್ಸ್ ಒಲಿಂಪಿಕ್ಸಿಗೆ ಕರೆದೊಯ್ದರು. ಹಾಗೆಂದು ಲೀಗು ಶುದ್ಧವಾಗಿಬಿಡಲಿಲ್ಲ. 2008ರಲ್ಲಿ ಸರ್ಕಾರ ಕಾನೂನುಬದ್ಧ ಕ್ರೀಡಾ ಲಾಟರಿ ತೆರೆಯಿತು. ಅದೇ ವರ್ಷ ಡಿಮೀಡಿಯಾ ಟಿ-ರೆಕ್ಸ್ ತಂಡವನ್ನು ಲೀಗಿನಿಂದ ಹೊರಹಾಕಬೇಕಾಯಿತು, ಮರುವರ್ಷ ಎಲಿಫೆಂಟ್ಸ್ ತಂಡದ ಆಟಗಾರರು ಸಿಕ್ಕಿಬಿದ್ದರು. ಬಾಜಿಯನ್ನು ಕಾನೂನಿನ ಕಿಟಕಿಗೆ ತಂದರೆ ಕಳ್ಳಬಾಜಿ ತಾನಾಗಿ ಸಾಯುತ್ತದೆ ಎಂದು ನಮ್ಮಲ್ಲೂ ಆಗಾಗ ವಾದ ಕೇಳುತ್ತೇವೆ. ಆ ಎರಡು ವರ್ಷಗಳನ್ನು ನೋಡಿದರೆ ನನಗೆ ಹಾಗನಿಸುವುದಿಲ್ಲ.

ಇಷ್ಟೆಲ್ಲ ಆದಮೇಲೂ ರಾಷ್ಟ್ರೀಯ ತಂಡ ಆಡುವಾಗ ಜನ ಬಾಜಿ ಕಟ್ಟುತ್ತಾರೆ, ಬಹುಪಾಲು ಹೃದಯದಿಂದ. ತಲೆಯಿಂದ ಕಟ್ಟುವವನಿಗೆ ಬೇಸ್‌ಬಾಲ್ ಕಲಿಸುವ ಮೊದಲ ಪಾಠ, ಬಲಿಷ್ಠ ತಂಡ ಕಾಣುವಷ್ಟು ಬಲಿಷ್ಠವಲ್ಲ. ಅಮೆರಿಕದ ಮೇಜರ್ ಲೀಗಿನ 162 ಪಂದ್ಯಗಳ ಋತುವಿನಲ್ಲಿ ಅತಿ ಹೆಚ್ಚು ಗೆದ್ದ ತಂಡ 2001ರ ಸಿಯಾಟಲ್ ಮ್ಯಾರಿನರ್ಸ್, 116 ಗೆಲುವು. ನೂರಕ್ಕೆ ಎಪ್ಪತ್ತೆರಡೂ ಆಗಲಿಲ್ಲ. 2024ರ ವೈಟ್ ಸಾಕ್ಸ್ ಆಧುನಿಕ ಕಾಲದಲ್ಲೇ ಅತಿ ಹೆಚ್ಚು, 121 ಪಂದ್ಯ ಸೋತರು; ಆದರೂ ನಾಲ್ಕರಲ್ಲಿ ಒಂದನ್ನು ಗೆದ್ದರು. ಈಗ ಬುಕ್ಕಿ ನೆಚ್ಚಿನ ತಂಡಕ್ಕೆ ನೂರಕ್ಕೆ ನೂರಿಪ್ಪತ್ತೈದು ಕೊಡುತ್ತೇನೆ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಐದು ಸಲ ನೂರು ನೂರು ಕಟ್ಟಿ ನಾಲ್ಕು ಸಲ ಗೆದ್ದರೆ ಬಂದದ್ದು ನೂರು, ಸೋತ ಒಂದು ಸಲಕ್ಕೆ ಹೋದದ್ದು ನೂರು. ಐದರಲ್ಲಿ ನಾಲ್ಕು ಗೆದ್ದರೂ ಕೈಗೆ ಸೊನ್ನೆ. ರಾಷ್ಟ್ರೀಯ ತಂಡಗಳ ನಡುವಿನ ಅಂತರ ಲೀಗಿನದಕ್ಕಿಂತ ಹೆಚ್ಚಿರಬಹುದು, ನಿಜ. ಆದರೆ ಆ ಅಂತರ ಬುಕ್ಕಿಗೂ ಗೊತ್ತು. ದೇಶಾಭಿಮಾನಿಗಳ ಹಣ ಯಾವ ಕಡೆ ಹರಿಯುತ್ತದೆ ಎಂಬುದೂ ಗೊತ್ತು.

ಚಿಕ್ಕ ಪಂದ್ಯಾವಳಿಯ ಹುಚ್ಚಾಟ ಬೇರೆ. 2023ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ತೈಚುಂಗಿನ ಗುಂಪಿನ ಐದು ತಂಡಗಳೂ ಎರಡು ಗೆದ್ದು ಎರಡು ಸೋತವು. ಕ್ಯೂಬಾ, ಇಟಲಿ, ನೆದರ್ಲೆಂಡ್ಸ್, ಪನಾಮಾ, ತೈವಾನ್, ಎಲ್ಲವೂ ಸಮ. ಬಿಟ್ಟುಕೊಟ್ಟ ರನ್ನುಗಳನ್ನು ಪಡೆದ ಔಟ್‌ಗಳಿಂದ ಭಾಗಿಸಿ ಸ್ಥಾನ ಕೊಟ್ಟರು. ಮೊದಲ ರಾತ್ರಿ ಪನಾಮಾಕ್ಕೆ 12 ರನ್ ಬಿಟ್ಟಿದ್ದ ಆತಿಥೇಯರು ಕೊನೆಯವರಾದರು. ಜೊತೆಗೆ ಅಲ್ಲಿ ಎಸೆತಗಳಿಗೂ ಮಿತಿಯಿದೆ: ಮೊದಲ ಸುತ್ತಿನಲ್ಲಿ ಒಬ್ಬ ಪಿಚರ್ 65ಕ್ಕಿಂತ ಹೆಚ್ಚು ಎಸೆಯುವಂತಿಲ್ಲ, ಐವತ್ತು ದಾಟಿದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯ. ಯಾವ ತೋಳನ್ನು ಯಾವ ದಿನಕ್ಕೆ ಮೀಸಲಿಡುವುದು ಎಂಬ ಲೆಕ್ಕ ತರಬೇತುದಾರನಿಗೂ ಬಾಜಿಗಾರನಿಗೂ ಒಂದೇ. ತರಬೇತುದಾರನ ಕೈಯಲ್ಲಿ ತೀರ್ಮಾನವಿದೆ, ಬಾಜಿಗಾರನ ಕೈಯಲ್ಲಿ ಊಹೆ ಮಾತ್ರ.

2024ರ ನವೆಂಬರಿನ ಪ್ರೀಮಿಯರ್12 ಪಂದ್ಯಾವಳಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಂಡಿತು. ಟೋಕಿಯೊ ಸುತ್ತಿನ ಕೊನೆಯ ದಿನ, ನವೆಂಬರ್ 23ರ ಸಂಜೆ, ತೈವಾನ್ ಜಪಾನಿನ ಎದುರು ಆಡಬೇಕಿತ್ತು. ಎಸೆಯುವವನು ಲಿನ್ ಯು-ಮಿನ್ ಎಂದು ಘೋಷಣೆಯಾಗಿತ್ತು. ಗುಂಪಿನ ಹಂತದಲ್ಲಿ ಕೊರಿಯಾದ ಎದುರು ಗೆಲುವಿನ ಪಂದ್ಯವನ್ನು ಶುರುಮಾಡಿದವನು ಅವನೇ. ಮಧ್ಯಾಹ್ನ ಅಮೆರಿಕ ವೆನೆಜುವೆಲಾವನ್ನು 6-5ರಿಂದ ಸೋಲಿಸಿತು. ಅಲ್ಲಿಗೆ ಲೆಕ್ಕ ತಿರುಗಿತು. ಸಂಜೆ ತೈವಾನ್ ಸೋತರೆ ಮೂರು ತಂಡಗಳು ಸಮವಾಗುತ್ತಿದ್ದವು. ಆದರೆ ವೆನೆಜುವೆಲಾಕ್ಕೆ 0-2ರಿಂದ ಸೋತು ಅಮೆರಿಕವನ್ನು 8-2ರಿಂದ ಗೆದ್ದಿದ್ದರಿಂದ ರನ್ನಿನ ಲೆಕ್ಕದಲ್ಲಿ ತೈವಾನೇ ಮುಂದು. ಅಂದರೆ ಸಂಜೆ ಗೆದ್ದರೂ ಸೋತರೂ ಮರುದಿನದ ಫೈನಲ್ ಇದೇ ಎರಡು ತಂಡಗಳದ್ದು. ತರಬೇತುದಾರ ತ್ಸೆಂಗ್ ಹಾವ್-ಜಿಯು, ಲಿನ್ ಅನ್ನು ಹಿಂದಕ್ಕೆ ಕರೆದು ಚೆನ್ ಪೊ-ಚಿಂಗ್ ಎಂಬುವನನ್ನು ಇಳಿಸಿದರು. ಘೋಷಿಸಿದ ಪಿಚರನ್ನು ಗಾಯವಿಲ್ಲದೆ ಬದಲಿಸಿದ್ದಕ್ಕೆ 2,000 ಡಾಲರ್ ದಂಡ. ಕಟ್ಟಿದರು. ಆ ಸಂಜೆ 9-6ರಿಂದ ಸೋತರು.

ಕೆಲವರಿಗೆ ಇದು ರುಚಿಸಲಿಲ್ಲ, ರುಚಿಸಬೇಕಾಗಿಯೂ ಇಲ್ಲ. ಟಿಕೆಟ್ ಕೊಂಡವನಿಗೆ ಒಳ್ಳೆಯ ಪಿಚರನ್ನು ತೋರಿಸದೆ ಬಿಟ್ಟದ್ದು ಹೌದು. ಆದರೆ 1997ರ ನೆನಪಿರುವ ದೇಶದಲ್ಲಿ ಇದನ್ನು ಬೇರೆ ರೀತಿ ಓದಬಹುದು. ಅಂದು ಪಿಚರನ್ನು ಕತ್ತಲಲ್ಲಿ ಕೊಂಡು ಪಂದ್ಯ ಬಿಡಿಸುತ್ತಿದ್ದರು. ಇಂದು ಹಗಲಲ್ಲಿ, ನಿಯಮ ಪುಸ್ತಕದಲ್ಲಿ ಬರೆದ ಬೆಲೆ ತೆತ್ತು, ದೊಡ್ಡ ಪಂದ್ಯಕ್ಕಾಗಿ ಪಿಚರನ್ನು ಉಳಿಸಿಕೊಂಡರು. ಲಿನ್ ಹೆಸರು ನೋಡಿ ಆ ಸಂಜೆಗೆ ಹಣ ಕಟ್ಟಿದ್ದವರಲ್ಲಿ ಪಿಚರ್ ಹೆಸರಿನ ಷರತ್ತು ಹಾಕಿಕೊಂಡಿದ್ದವರಿಗೆ ಮಾತ್ರ ಹಣ ವಾಪಸ್ ಬರುವ ಹಕ್ಕು.

ಮರುದಿನ, ನವೆಂಬರ್ 24, ಟೋಕಿಯೊ ಡೋಮ್. ಜಪಾನ್ ಇಂಥ ಅಂತರರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಸತತ 27 ಪಂದ್ಯ ಗೆದ್ದು ಬಂದಿತ್ತು. ಇದೇ ಪಂದ್ಯಾವಳಿಯಲ್ಲಿ ತೈವಾನನ್ನು ಆಗಲೇ ಎರಡು ಸಲ ಸೋಲಿಸಿತ್ತು. ಲಿನ್ ಯು-ಮಿನ್ ನಾಲ್ಕು ಇನಿಂಗ್ಸ್ ಎಸೆದು ಒಂದು ರನ್ನನ್ನೂ ಕೊಡಲಿಲ್ಲ. ಐದನೆಯ ಇನಿಂಗ್ಸಿನಲ್ಲಿ ಲಿನ್ ಚಿಯಾ-ಚೆಂಗ್ ಒಂದು ಹೋಮ್ ರನ್ ಹೊಡೆದ. ಅದೇ ಇನಿಂಗ್ಸಿನಲ್ಲಿ ನಾಯಕ ಚೆನ್ ಚಿಯೆ-ಶಿಯೆನ್ ಮೂರು ರನ್ನಿನ ಇನ್ನೊಂದು ಹೊಡೆದ. ಉಳಿದ ಐದು ಇನಿಂಗ್ಸನ್ನು ಮೂವರು ಪಿಚರ್‌ಗಳು ಹಂಚಿಕೊಂಡು ಮುಗಿಸಿದರು. 4-0. ಬೇಸ್‌ಗಳನ್ನು ಸುತ್ತುವಾಗ ನಾಯಕ ಎರಡೂ ಕೈಗಳ ಬೆರಳಿಂದ ಎದೆಯ ಮೇಲೆ ಒಂದು ಚೌಕ ತೋರಿಸಿದ. ಬೇರೆ ದೇಶಗಳ ಅಂಗಿಯಲ್ಲಿ ದೇಶದ ಹೆಸರಿರುವ ಜಾಗ ಅದು. ಅವನ ಅಂಗಿಯಲ್ಲಿ ಅಲ್ಲಿ ಏನೂ ಬರೆದಿರಲಿಲ್ಲ.